ಬಾದಶಾನ ಸಲಿಗೆ

ಕನ್ಯಾ ನೋಡಲು ಬಂದವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಒಳಗೆ ಸೋಫಾದ ತುಂಬ ಮುಧೋಳದ ಬೇಟೆನಾಯಿ ಕಾಲು ಚಾಚಿ ಮಲಗಿತ್ತು.

"ಬರ್ರಿ, ಬಾದಶಾ ಏನೂ ಮಾಡಂಗಿಲ್ಲ," ಎಂದರು ಹುಡುಗಿಯ ಅಪ್ಪ. "ಮನಿ ಮಗನಂಗ ಅದಾನ. ಆದ್ರ ಮುಟ್ಟಬ್ಯಾಡ್ರಿ. ಗುರ್ತು ಇಲ್ಲದವರ ಕೈ ಇವಂಗ ಸೇರಂಗಿಲ್ಲ."

ಹುಡುಗ ಧೈರ್ಯ ಮಾಡಿ ಕೈ ಚಾಚಿದ. ಬಾದಶಾ ಗುರ್ರೆಂದಿತು. ಹುಡುಗ ಉಪ್ಪಿಟ್ಟಿನ ತಟ್ಟೆ ಹಿಡಿದು ದೂರದ ಕುರ್ಚಿಗೆ ಸರಿದ.

"ಗುರ್ತಾಗಾಕ ತಿಂಗಳಗಟ್ಟಲೆ ಬೇಕ್ರಿ," ಎಂದಳು ಹುಡುಗಿ, ನಗು ತಡೆಯುತ್ತ. ಮರುಕ್ಷಣ ಅವಳ ದನಿ ತಗ್ಗಿತು. "ಖರೇ ಹೇಳ್ತೇನಿ. ಅವ್ವ ಹೋದಮ್ಯಾಲೆ ಅಪ್ಪಗ ನಾನು, ಬಾದಶಾ, ಅಷ್ಟ. ಅಪ್ಪನ್ನ ಒಬ್ಬನ್ನ ಬಿಟ್ಟು ಹೋಗಾಕ ಮನಸ್ಸಿಲ್ಲ. ಅದಕ್ಕ ಬಂದವರಿಗೆಲ್ಲ ಒಲ್ಲೆ ಅಂದೇನಿ."

ಅಷ್ಟರಲ್ಲಿ ಹುಡುಗನನ್ನು ಸಾಕಿ ಬೆಳೆಸಿದ ವಿಧವೆ ಸೋದರತ್ತೆ ಚಪ್ಪಲಿ ಬಿಟ್ಟು ಒಳಬಂದರು. ಅಪ್ಪ ತಟ್ಟನೆ ಎದ್ದು ಕೈ ಮುಗಿದರು.

"ನಮಸ್ಕಾರ್ರಿ. ನಿಮ್ಮನ್ನ ಇವತ್ತ ಮೊದಲ ನೋಡಾಕತ್ತೇನಿ."

"ನಾನೂ ಅಷ್ಟರಿ," ಎಂದು ಆಕೆ ಸೆರಗು ಸರಿಪಡಿಸಿಕೊಂಡು ಕುಳಿತರು.

ಬಾದಶಾ ಒಂದೇ ನೆಗೆತಕ್ಕೆ ಟೀಪಾಯಿ ದಾಟಿತು. ಅದರ ಮೇಲಿದ್ದ ಶಿರಾ ಚೆಲ್ಲಿತು. ಹುಡುಗ ಕುರ್ಚಿ ಹತ್ತಿ ನಿಂತ. ನಾಯಿ ಆಕೆಯ ತೊಡೆಯ ಮೇಲೆ ಗದ್ದ ಊರಿ ಬಾಲ ಬೀಸಿತು. ಆಮೇಲೆ ತನ್ನ ಉದ್ದ ಮೂತಿಯನ್ನು ಆಕೆಯ ಕೈಚೀಲದೊಳಗೆ ತೂರಿಸಿ, ಹುಡುಕದೆಯೇ ಒಂದು ಬಿಸ್ಕತ್ತು ಎಳೆದುಕೊಂಡಿತು.

"ಅತ್ತಿ, ನೀ ಬಿಸ್ಕಿಟ್ ತಿನ್ನಂಗಿಲ್ಲಲ್ಲ?" ಎಂದ ಹುಡುಗ, ಕುರ್ಚಿಯ ಮೇಲಿಂದಲೇ.

ಹುಡುಗಿ ಮೆಲ್ಲಗೆ ಅಪ್ಪನತ್ತ ತಿರುಗಿದಳು. "ಅಪ್ಪಾ, ದಿನಾ ಮುಂಜಾನೆ ಬಾದಶಾನ್ನ ಅಡ್ಡಾಡಸಾಕ ಎಲ್ಲಿಗೆ ಕರ್ಕೊಂಡು ಹೋಗ್ತಿ?"