ನೂರು ಮೀಟರಿನ ಗೆರೆ

ಅವಳು ಪೆಟ್ಟಿಗೆಯ ಮುಚ್ಚಳ ತೆಗೆದಳು. ಒಳಗೆ ಮಲಗಿದ್ದ ಟೆಲಿಸ್ಕೋಪಿನ ಕೊಳವೆ ನೂರು ಮೀಟರಿನ ಗೆರೆಯ ಮೇಲೆ ನಿಂತಿತ್ತು. ಬಿಗಿದ ತಿರುಪನ್ನು ಸಡಿಲಿಸಲು ಗಂಡ ಮರೆತಿದ್ದ.

ಗೆರೆ ಕೊರೆದವಳು ಅವಳೇ. ಗಂಡ ಹೆಂಡತಿ ಸೇರಿ ಇಪ್ಪತ್ತು ವರ್ಷ ಲೆನ್ಸ್ ರಿಪೇರಿ ಅಂಗಡಿ ನಡೆಸಿದವರು. ಚಂದ್ರನ ಫೋಟೊ ತೆಗೆಯಬೇಕಾದರೆ ಕೊಳವೆಯನ್ನು ಒಳಕ್ಕೆ ತಳ್ಳಬೇಕು. ವಸ್ತು ಹತ್ತಿರವಾದಷ್ಟೂ ಹೊರಕ್ಕೆ ಎಳೆಯಬೇಕು. ಎಷ್ಟು ದೂರಕ್ಕೆ ಎಷ್ಟು ಎಂದು ಟೇಪು ಹಿಡಿದು ಅಳೆದು ಸೂಜಿಮೊನೆಯಿಂದ ಗೆರೆ ಹಾಕಿದ್ದಳು. ಅವಳ ಗೆರೆ ಸುಳ್ಳು ಹೇಳುವುದಿಲ್ಲ. ಗಂಡ ಮಾತ್ರ ಚಂದ್ರನನ್ನು ನೋಡುತ್ತೇನೆ ಎನ್ನುತ್ತಿದ್ದ, ಅದೂ ಬೆಳಿಗ್ಗೆ ಎಂಟು ಗಂಟೆಗೆ.

ಬಾಲ್ಕನಿಯಿಂದ ಎದುರಿನ ಗಾಜಿನ ಕಚೇರಿಗೆ ಐವತ್ತೇ ಮೀಟರ್. ನೂರಕ್ಕೆ ಇರುವುದು ಅದರ ಪಕ್ಕದ ಓಣಿಯ ಕೊನೆಯ ಮಹಿಳಾ ಹಾಸ್ಟೆಲ್.

ದೂರುವುದಾದರೂ ಯಾವ ಬಾಯಲ್ಲಿ? ದವಡೆಯ ಆಪರೇಷನ್ ಆದ ಮೇಲೆ ನಾಲ್ಕು ತಿಂಗಳಿಂದ ಅವಳು ಅವನಿಗೆ ಮುಖವನ್ನೇ ತೋರಿಸಿರಲಿಲ್ಲ. ಬಾಲ್ಕನಿ ಪಕ್ಕದ ಕೋಣೆ ಸೇರಿ ಚಿಲಕ ಹಾಕಿಕೊಂಡಿದ್ದಳು. ಮನೆಯ ಕನ್ನಡಿಗಳನ್ನೆಲ್ಲ ಅಟ್ಟಕ್ಕೆ ಹಾಕಿಸಿದ್ದಳು. ಅವನು ಅಂಗಡಿಗೆ ಹೊರಟ ಮೇಲಷ್ಟೇ ಹೊರಗೆ ಬರುತ್ತಿದ್ದಳು. ತಾನೇ ತಂದುಕೊಂಡ ಪಾಡು ಎಂದು ಗೊತ್ತಿತ್ತು. ಆದರೂ ಸಂಕಟ ತಡೆಯಲಾಗಲಿಲ್ಲ. ಅಕ್ಕನ ಮನೆಗೆ ಹೋಗಿಬಿಡುವುದೆಂದು ಬಟ್ಟೆ ತುಂಬಿಕೊಂಡಳು.

ಸಂಜೆ ಅವನು ಬಂದಾಗ ಮುಚ್ಚಿದ ಬಾಗಿಲ ಹಿಂದಿನಿಂದಲೇ ಕೇಳಿದಳು.

“ನೂರು ಮೀಟರಿಗೆ ಇಟ್ಕೊಂಡು ಯಾರನ್ನ ನೋಡ್ತಿದ್ದೀರಿ?”

ಹೊರಗೆ ಚೀಲ ಕೆಳಗಿಟ್ಟ ಸದ್ದಾಯಿತು.

“ಗೊತ್ತಾಗೋಯ್ತಾ? ಬೇರೆ ದಾರಿ ಇರ್ಲಿಲ್ಲ ಕಣೇ.”

“ಚೆನ್ನಾಗಿದ್ದಾಳಾ?”

“ಸೊರಗಿ ಹೋಗಿದ್ದಾಳೆ. ಆದ್ರೂ ದಿನಾ ಒಂದ್ಸಲ ನೋಡ್ದಿದ್ರೆ ಆಗಲ್ಲ.”

“ಹಾಗಿದ್ರೆ ಅವಳ ಹತ್ರಾನೇ ಹೋಗಿ.”

“ಹೇಗೆ ಹೋಗ್ಲಿ? ಬಾಗಿಲೇ ತೆಗೆಯಲ್ವಲ್ಲ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಫೋಟೊ ಇದ್ದರೆ ಕೊಡಿ, ಆ ಮಹಾರಾಯಿತಿಯ ಮುಖವನ್ನಾದರೂ ನೋಡಿ ಹೋಗುತ್ತೇನೆ ಎಂದಳು.

ಸ್ವಲ್ಪ ಹೊತ್ತಿಗೆ ಬಾಗಿಲ ಕೆಳಗಿನ ಸಂದಿಯಿಂದ ಒಂದು ಫೋಟೊ ಒಳಕ್ಕೆ ಜಾರಿತು. ಕಿಟಕಿಯ ಬಿಸಿಲಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು. ತಲೆಗೆ ಸುತ್ತಿದ ಬಟ್ಟೆ, ಅರ್ಧ ಮುಖಕ್ಕೆ ಅಡ್ಡ ಹಿಡಿದ ಕೈ, ಗುಳಿಬಿದ್ದ ಕಣ್ಣು. ತನಗಿಂತ ಹತ್ತು ವರ್ಷವಾದರೂ ದೊಡ್ಡವಳಿರಬೇಕು. ಇಂಥವಳ ಸಲುವಾಗಿ ನನ್ನನ್ನು ಮರೆತನೇ ಎಂದು ಅಳು ಉಕ್ಕಿ ಬಂತು.

“ಯಾರ್ರೀ ಇವಳು?”

ಹೊರಗೆ ಅವನು ಬಿಕ್ಕುತ್ತಿದ್ದ.

“ಬಾಲ್ಕನಿಯಿಂದ ಎದುರಿನ ಕಚೇರಿ ಗಾಜಿಗೆ ಐವತ್ತು ಮೀಟರ್. ಆ ಗಾಜಿಂದ ವಾಪಸ್ ನಿನ್ನ ಕಿಟಕಿಗೆ ಐವತ್ತು.”