ಪೆನ್‌ಡ್ರೈವಿನ ಲಿನಕ್ಸ್

ನನ್ನ ತಾಯಿ, ನಮ್ಮ ಆಯಿ, ತೀರಿಕೊಂಡು ತಿಂಗಳಾಯಿತು. ಬಂಗಡೆ ಮೀನಿನ ಸಾರಿಗೆ ಅವಳು ಹಾಕುತ್ತಿದ್ದ, ನಾಲಿಗೆ ಜುಮ್ಮೆನಿಸುವ ಜುಮ್ಮನಕಾಯಿಯ ಡಬ್ಬಿ ತೆರೆದರೆ ನಮ್ಮೂರು ಹಟ್ಟಿಕೇರಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಕಾರವಾರದ ಕಾಲೇಜಿನಿಂದ ಬಂದ ಅಕ್ಕ ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿನಿಂದಲೇ, ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಓಡಿಸಿ ತೋರಿಸಿದಳು. ಆಯಿ ಹೇಳಿದ ಬಂಗಡೆ ಸಾರು ಮಾಡುವ ಬಗೆಯನ್ನು ನಾನು ಅದರಲ್ಲಿ ಒಂದೊಂದೇ ಅಕ್ಷರ ಹುಡುಕಿ ಬರೆದು, ಸೇವ್ ಮಾಡಿ, ಕಂಪ್ಯೂಟರ್ ಬಂದ್ ಮಾಡಿದೆ. ಮತ್ತೆ ಶುರು ಮಾಡಿದರೆ ಏನೂ ಇರಲಿಲ್ಲ.

“ಅದು ಬರೇ ನೋಡೂಕೆ ಮಾರಾಯ್ತಿ. ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡ್ದೆ ಬರ್ದದ್ದು ಉಳಿಯೂದಿಲ್ಲ,” ಎಂದಳು ಅಕ್ಕ. ನಾನು ಅತ್ತೆ.

ಆಯಿ ಮಸಾಲೆಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ಅದ್ಕೆಲ್ಲ ಅಳ್ತಾರೇನೆ? ನಾ ಇದ್ನಲೆ, ಮತ್ತೆ ಹೇಳ್ತೆ.”

ಸಂಜೆ ಅಕ್ಕ ಲಿನಕ್ಸನ್ನು ಇನ್‌ಸ್ಟಾಲ್ ಮಾಡಿಕೊಟ್ಟಳು. ನಾನು ಅದರಲ್ಲಿ ಇಸ್ಪೀಟಾಟ ಆಡುತ್ತ ಕುಳಿತೆ.

“ಈಗ ಬರ್ಕಂತ್ಯೇನೆ?” ಎಂದು ಆಯಿ ಬಾಗಿಲಲ್ಲಿ ನಿಂತು ಕೇಳಿದಳು.

“ನಾಳೆ,” ಎಂದೆ.