ಅಣ್ಣನ ಕೈಯಲ್ಲಿದ್ದ ಬೆತ್ತ

ಸೀಳಿದ ಬೆತ್ತಗಳ ತುದಿಗೆ ತಂಗಿ ಟೇಪು ಸುತ್ತುತ್ತಿದ್ದಳು. ಅಣ್ಣ ಅವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಕೆಟ್ಟಿನಲ್ಲಿ ನಿಲ್ಲಿಸುತ್ತಿದ್ದ. ಕೆಳಗಿನ ಗ್ಯಾರೇಜಿನಲ್ಲಿ ಟೈರಿಗೆ ಗಾಳಿ ತುಂಬುವ ಸದ್ದು ಮಹಡಿಗೆ ಕೇಳುತ್ತಿತ್ತು. ದೊಣ್ಣೆವರಸೆಯ ಬೆಳಗಿನ ತರಗತಿಗೆ ಕಲಿಸುವವರು ಇಬ್ಬರಲ್ಲಿ ಯಾರು ಎಂಬುದು ಇವತ್ತು ಗೊತ್ತಾಗಲಿತ್ತು.

ಅತ್ತೆ ಕುಂಟುತ್ತ ಮೆಟ್ಟಿಲು ಹತ್ತಿ ಬಂದರು. ಅಪ್ಪನ ತಂಗಿ. ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದಾಗ ಜೊತೆಯವರಿಂದ ಫಿಲಿಪೈನ್ಸಿನ ದೊಣ್ಣೆವರಸೆ ಕಲಿತವರು. ಇಲ್ಲಿ ಕಲಿಯಲು ಬರುವವರೆಲ್ಲ, ತಲೆ ನರೆತ ಪೋಸ್ಟ್‌ಮ್ಯಾನ್ ಸಮೇತ, ಅವರನ್ನು ಅತ್ತೆ ಅಂತಲೇ ಕರೆಯುತ್ತಿದ್ದರು. ಇವತ್ತು ಅವರೆಲ್ಲ ಬಂದು ಸುತ್ತ ನಿಂತಿದ್ದರು.

"ಯಾರು ಇನ್ನೊಬ್ಬರ ಕೈ ಖಾಲಿ ಮಾಡ್ತೀರೋ ಅವರಿಗೆ ಬೆಳಗಿನ ಕ್ಲಾಸು," ಮಂಡಿ ಹಿಡಿದು ಬೆಂಚಿನ ಮೇಲೆ ಕೂರುತ್ತ ಅಂದರು ಅತ್ತೆ. "ಮೈಮೇಲೆ ಬೀಳಬೇಡಿ. ಕೈಲಿರೋದನ್ನ ಕಿತ್ಕೊಳ್ಳಿ, ಸಾಕು. ಹಲ್ಲು ಕಿತ್ತ ಮೇಲೆ ಹಾವಿನ ಹತ್ರ ಏನ್ ಜಗಳ?"

"ಇದಕ್ಕೆ ಪರೀಕ್ಷೆ ಬೇರೆ ಬೇಕಾ ಅತ್ತೆ? ಅವನಿಗೇ ಕೊಟ್ಬಿಡಿ," ಅಂದ ಪೋಸ್ಟ್‌ಮ್ಯಾನ್. "ಈ ಹುಡುಗಿ ಮಾತೇ ಆಡಲ್ಲ. ಸನ್ನೆ ಮಾಡಿ ಕಲಿಸ್ತಾಳಾ?"

ತಂಗಿ ತಲೆ ತಗ್ಗಿಸಿಕೊಂಡೇ ಬೆತ್ತ ಎತ್ತಿಕೊಂಡಳು.

ಅಣ್ಣ ಲೇತ್ ಮಷೀನಿನಲ್ಲಿ ಪಳಗಿದವನು. ಅವನ ಹಿಡಿತವೆಂದರೆ ಹಿಡಿತ. ಅವನ ಬೆತ್ತ ಅವಳ ಹೆಗಲಿನತ್ತ ಓರೆಯಾಗಿ ಇಳಿಯಿತು. ಅವಳು ಹಿಂದೆ ಸರಿಯದೆ ಒಳಕ್ಕೇ ನುಗ್ಗಿ ಏಟು ತಡೆದಳು. ಎಡಗೈಯನ್ನು ಅವನ ಬೆತ್ತಕ್ಕೆ ಬಳ್ಳಿಯಂತೆ ಸುತ್ತಿ ಹೆಬ್ಬೆರಳಿನ ಕಡೆಗೆ ತಿರುವಿದಳು. ಎಂಥ ಮುಷ್ಟಿಯೂ ಬಿಚ್ಚಿಕೊಳ್ಳುವುದು ಆ ಕಡೆಗೇ. ಬೆತ್ತ ಅವಳ ಕೈಗೆ ಬಂತು.

ಬಂದದ್ದೇ ತಡ, ಅದನ್ನು ಹಿಡಿ ಮುಂದೆ ಮಾಡಿ ಅಣ್ಣನಿಗೇ ನೀಡಿದಳು. ದಿನದ ಅಭ್ಯಾಸದಲ್ಲಿ ನಡೆಯುವುದೇ ಹಾಗೆ. ಕಿತ್ತುಕೊಂಡವರು ವಾಪಸ್ಸು ಕೊಡಬೇಕು, ಆಗಲೇ ಜೊತೆಯವರು ಮತ್ತೆ ಬೀಸುವುದು. ಅಣ್ಣ ಇಸಿದುಕೊಂಡು ಅವಳ ನೆತ್ತಿಗೆ ಮೆಲ್ಲಗೆ ಟಕ್ಕೆನಿಸಿದ.

ಎಲ್ಲರೂ ಗೊಳ್ಳೆಂದು ನಕ್ಕರು.

"ಕಿತ್ಕೊಂಡು, ತಗೊಳ್ಳಿ ಸ್ವಾಮಿ ಹೊಡೀರಿ ಅಂತ ಕೊಟ್ಯಲ್ಲೇ," ಅಂದರು ಅತ್ತೆ. ಅವರು ನಗುತ್ತಿರಲಿಲ್ಲ.

"ಅವಳು ಇರೋದೇ ಹಾಗೆ ಅತ್ತೆ," ಅಂದ ಅಣ್ಣ. "ಮನೇಲೂ ಅಷ್ಟೆ. ಕಿಟಕಿ ಪಕ್ಕದ ಜಾಗ, ಸೈಕಲ್ಲು, ನಾನು ಕೇಳೋಕೆ ಮುಂಚೆನೇ ಕೊಟ್ಬಿಡ್ತಾಳೆ. ಇಂಥ ತಂಗಿ ಯಾರಿಗಿದಾಳೆ ಹೇಳಿ." ಅವನ ದನಿಯಲ್ಲಿ ಇದ್ದದ್ದು ಪ್ರೀತಿಯೇ.

ತಂಗಿ ಅವನ ಮುಖವನ್ನೇ ನೋಡಿದಳು. ಅವನು ಓದಲಿ ಎಂದು ಅವಳು ಶಾಲೆ ಬಿಟ್ಟಿದ್ದಳು. ಅದನ್ನು ಅವನು ಹೇಳಲಿಲ್ಲ.

"ಇನ್ನೊಂದ್ಸಲ," ಅಂದಳು.

ಅತ್ತೆ ತಲೆಯಾಡಿಸಿದರು.

ಈ ಸಲ ಅಣ್ಣ ಬಿಗಿಯಾಗಿಯೇ ಬಂದ. ಮೇಲಿಂದ ಬೀಸಿದ, ತಡೆದಳು. ಮಂಡಿಗೆ ಬೀಸಿದ, ಕಾಲು ತಪ್ಪಿಸಿಕೊಂಡಳು. ಅವನ ಕೈ ಮತ್ತೆ ಮೇಲೇಳುವಷ್ಟರಲ್ಲಿ ಅವಳ ಬೆತ್ತ ಅವನ ಬೆರಳಗೆಣ್ಣುಗಳಿಗೆ ಟಪ್ಪೆಂದು ತಾಗಿತು. ಹಿಡಿತ ಕೂದಲೆಳೆಯಷ್ಟು ಸಡಿಲವಾಯಿತು. ಕಿತ್ತುಕೊಂಡಳು. ಕಿತ್ತವಳೇ ಅವನ ಕೈಗೆ ಎಟುಕದಷ್ಟು ದೂರ ಸರಿದು, ಎರಡೂ ಕೈಗಳಲ್ಲಿ ಬೆತ್ತ ಹಿಡಿದು ನೆಟ್ಟಗೆ ನಿಂತಳು. ತಲೆ ತಗ್ಗಿರಲಿಲ್ಲ.

ಅತ್ತೆ ನೋವಿನ ಮಂಡಿಯನ್ನು ಮರೆತು ಎದ್ದು ನಿಂತಿದ್ದರು.

ಅಣ್ಣ ಕೆಂಪೇರಿದ ಬೆರಳುಗಳನ್ನು ಊದಿಕೊಂಡ. ಆಮೇಲೆ ಸುತ್ತ ನಿಂತವರತ್ತ ತಿರುಗಿದ. ಅವನ ಮುಖ ಅರಳಿತ್ತು.

"ನೋಡಿದ್ರಾ? ನನ್ನ ತಂಗಿ ಕಣ್ರೀ."

ಹಾಗೆ ಹೇಳುತ್ತಲೇ, ಅವಳ ಕಡೆ ನೋಡದೆ, ಅಂಗೈ ಹಿಂದಕ್ಕೆ ಚಾಚಿದ.

"ಬೆತ್ತ ಕೊಡೇ."

ಅಂಗೈ ಚಾಚಿಯೇ ಇತ್ತು.